ಹುಬ್ಬಳ್ಳಿ-ಧಾರವಾಡದಿಂದ ಅಂತರರಾಷ್ಟ್ರೀಯ ಆರ್ಬಿಟ್ರೇಷನ್ ವಕೀಲಿಗೆ: ಯುವ ವಕೀಲರಿಗೊಂದು ಮಾರ್ಗದರ್ಶಿ

ಅಂತರರಾಷ್ಟ್ರೀಯ ವಾಣಿಜ್ಯ ಆರ್ಬಿಟ್ರೇಷನ್, ಅಂದರೆ ವ್ಯಾಪಾರದ ವಿವಾದವನ್ನು ನ್ಯಾಯಾಲಯದ ಬದಲು ಆರ್ಬಿಟ್ರೇಟರ್ ಎಂಬ ಮಧ್ಯಸ್ಥರ ಮುಂದೆ ತೀರ್ಮಾನಿಸುವ ಕ್ಷೇತ್ರಕ್ಕೆ ಹೋಗುವುದು ಹೇಗೆ ಎಂದು ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯ ಕಾನೂನು ವಿದ್ಯಾರ್ಥಿಗಳು ವಿಚಾರಿಸಿದಾಗ ಅವರಿಗೆ ಸಿಗುವ ಮೊದಲ ಉತ್ತರ ವಿದೇಶದ ಎಲ್‌ಎಲ್.ಎಂ. ಪದವಿ ಎಂಬುದೇ ಆಗಿರುತ್ತದೆ. ನನ್ನ ಅಭಿಪ್ರಾಯ ಬೇರೆ. ಈ ವೃತ್ತಿಯ ತಳಹದಿಯಾದ ಕರಾರಿನ ಓದು ಮತ್ತು ಪಾಟೀಸವಾಲು, ಇವೆರಡನ್ನೂ ನಮ್ಮ ಊರಿನ ವ್ಯಾಪಾರ ಮತ್ತು ನಮ್ಮ ಊರಿನ ನ್ಯಾಯಾಲಯಗಳಲ್ಲಿಯೇ ಕಲಿಯಬಹುದು. ಹಾಗೆ ಕಲಿತವರಿಗೆ ಮಾತ್ರ ಆ ಪದವಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಮೊದಲು ವಿಷಯದ ಗಡಿಯನ್ನು ತಿಳಿದುಕೊಳ್ಳಬೇಕು. 1996ರ ಆರ್ಬಿಟ್ರೇಷನ್ ಕಾಯಿದೆಯ 2(1)(ಎಫ್) ಕಲಮಿನ ಪ್ರಕಾರ, ವಾಣಿಜ್ಯ ಸಂಬಂಧದ ವಿವಾದದಲ್ಲಿ ಕನಿಷ್ಠ ಒಬ್ಬ ಪಕ್ಷಗಾರನಾದರೂ ವಿದೇಶಿ ಪ್ರಜೆ, ವಿದೇಶದಲ್ಲಿ ನೋಂದಣಿಯಾದ ಕಂಪನಿ ಅಥವಾ ವಿದೇಶಿ ಸರಕಾರವಾಗಿದ್ದರೆ ಅದು ಅಂತರರಾಷ್ಟ್ರೀಯ ಆರ್ಬಿಟ್ರೇಷನ್ ಎನಿಸುತ್ತದೆ. ರಾಣೇಬೆನ್ನೂರಿನ ಬೀಜೋತ್ಪಾದಕನೊಬ್ಬ ಹೊರದೇಶದ ಹೆಸರು ಹೊತ್ತ ಕಂಪನಿಯೊಂದಿಗೆ ಕರಾರು ಮಾಡಿಕೊಂಡಿರಬಹುದು. ಆದರೆ ಸಹಿ ಹಾಕಿದ್ದು ಭಾರತದಲ್ಲಿ ನೋಂದಣಿಯಾದ ಅದರ ಅಂಗಸಂಸ್ಥೆಯಾಗಿದ್ದರೆ ಆ ವಿವಾದ ದೇಶೀಯವೇ. ಈ ಭೇದದಿಂದ ಮುಂದಿನ ದಾರಿಯೆಲ್ಲ ಬದಲಾಗುತ್ತದೆ. ಅಂತರರಾಷ್ಟ್ರೀಯ ಪ್ರಕರಣದಲ್ಲಿ 11ನೇ ಕಲಮಿನಡಿ ಆರ್ಬಿಟ್ರೇಟರನ್ನು ನೇಮಿಸಬೇಕೆಂಬ ಅರ್ಜಿ ಹೈಕೋರ್ಟಿಗಲ್ಲ, ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಅವಾರ್ಡನ್ನು, ಅಂದರೆ ಆರ್ಬಿಟ್ರೇಟರ್ ಕೊಟ್ಟ ತೀರ್ಪನ್ನು, ರದ್ದುಪಡಿಸಬೇಕೆಂಬ 34ನೇ ಕಲಮಿನ ಅರ್ಜಿ ಜಿಲ್ಲಾ ನ್ಯಾಯಾಲಯಕ್ಕಲ್ಲ, ಹೈಕೋರ್ಟಿಗೆ ಹೋಗುತ್ತದೆ.

ಇನ್ನು ಅಭ್ಯಾಸದ ಸಾಮಗ್ರಿ. ಬ್ಯಾಡಗಿ ಮೆಣಸಿನಕಾಯಿ ಮತ್ತು ಅದರಿಂದ ತೆಗೆಯುವ ಓಲಿಯೊರೆಸಿನ್ ಎಂಬ ಸಾರ, ಗದಗ-ಹುಬ್ಬಳ್ಳಿಯ ಹತ್ತಿ, ಹುಬ್ಬಳ್ಳಿಯ ಕಾರ್ಖಾನೆಗಳ ವಾಲ್ವುಗಳು, ಗದಗ ಸೀಮೆಯ ಗಾಳಿಯಂತ್ರಗಳ ಸರಬರಾಜು, ಇವೆಲ್ಲವುಗಳ ಹಿಂದೆ ಕರಾರುಗಳಿವೆ. ಪರಿಚಯದ ರಫ್ತುದಾರರನ್ನೋ ಅವರ ಲೆಕ್ಕಪರಿಶೋಧಕರನ್ನೋ ವಿನಂತಿಸಿ, ಹೆಸರು ಮತ್ತು ದರಗಳನ್ನು ಅಳಿಸಿದ ಹಳೆಯ ಕರಾರುಗಳನ್ನು ಓದಲು ಪಡೆಯಿರಿ. ಹತ್ತಿಯ ಕರಾರಾದರೆ ಲಿವರ್‌ಪೂಲಿನ ಇಂಟರ್‌ನ್ಯಾಷನಲ್ ಕಾಟನ್ ಅಸೋಸಿಯೇಷನ್ ನಿಯಮಗಳು ಅನ್ವಯಿಸುತ್ತವೆ ಎಂಬ ಒಂದೇ ಸಾಲು ಕೊನೆಯ ಪುಟದಲ್ಲಿ ಇರಬಹುದು. ಆ ಒಂದು ಸಾಲಿನಿಂದ ವಿವಾದ ಇಂಗ್ಲಿಷ್ ಕಾನೂನಿಗೂ ಇಂಗ್ಲೆಂಡಿನ ಆರ್ಬಿಟ್ರೇಷನ್‌ಗೂ ಒಳಪಡುತ್ತದೆ ಎಂಬುದು ಮಾರುವವನ ಗಮನಕ್ಕೆ ಬರುವುದು ಸಾಮಾನ್ಯವಾಗಿ ತಕರಾರು ಎದ್ದ ಮೇಲೆಯೇ.

ಪ್ರತಿ ಕರಾರಿನಲ್ಲೂ ಪ್ರತ್ಯೇಕವಾಗಿ ಗುರುತಿಸಬೇಕಾದ ಸಂಗತಿಗಳಿವೆ: ಕರಾರಿಗೆ ಯಾವ ದೇಶದ ಕಾನೂನು, ಆರ್ಬಿಟ್ರೇಷನ್‌ನ ಪೀಠಸ್ಥಳ (ಯಾವ ಸ್ಥಳದ ಕಾನೂನು ಮತ್ತು ನ್ಯಾಯಾಲಯಗಳ ಮೇಲ್ವಿಚಾರಣೆಗೆ ಅದು ಒಳಪಡುತ್ತದೋ ಆ ಸ್ಥಳ) ಯಾವುದು, ಯಾವ ಸಂಸ್ಥೆಯ ನಿಯಮಗಳು, ಮತ್ತು ಸ್ವತಃ ಆರ್ಬಿಟ್ರೇಷನ್ ಷರತ್ತಿಗೆ ಯಾವ ಕಾನೂನು. ಕೊನೆಯದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಇಂಗ್ಲೆಂಡಿನಲ್ಲಿ 2020ರ ಎಂಕಾ ತೀರ್ಪಿನ ನಂತರ ಸಾಮಾನ್ಯವಾಗಿ ಮುಖ್ಯ ಕರಾರಿಗೆ ಆರಿಸಿದ ಕಾನೂನೇ ಷರತ್ತಿಗೂ ಅನ್ವಯಿಸುತ್ತಿತ್ತು. ಅಲ್ಲಿನ 2025ರ ಆರ್ಬಿಟ್ರೇಷನ್ ಕಾಯಿದೆ ಆ ನಿಯಮವನ್ನು ಬದಲಿಸಿ, ಪಕ್ಷಗಾರರು ಸ್ಪಷ್ಟವಾಗಿ ಬೇರೆ ಹೇಳದಿದ್ದರೆ ಪೀಠಸ್ಥಳದ ಕಾನೂನೇ ಷರತ್ತಿನ ಕಾನೂನು ಎಂದಿತು. ಹಾಗೆಯೇ, ಸರಕು ಮಾರಾಟದ ಬಗೆಗಿನ 1980ರ ವಿಯೆನ್ನಾ ಒಪ್ಪಂದಕ್ಕೆ ಭಾರತ ಸೇರಿಲ್ಲವೆಂದು ಅದರ ಓದನ್ನು ಬಿಡಬಾರದು. ಹುಬ್ಬಳ್ಳಿಯ ಮಾರಾಟಗಾರನ ಕರಾರಿಗೆ ಜರ್ಮನಿಯ ಕಾನೂನನ್ನು ಆರಿಸಿಕೊಂಡಿದ್ದರೆ, ಒಪ್ಪಂದವನ್ನು ಬೇಡವೆಂದು ಹೊರಗಿಡದ ಹೊರತು, ಅದರ ಮೂಲಕ ಆ ಒಪ್ಪಂದವೂ ಒಳಬರುತ್ತದೆ.

ಕಾಲೇಜಿನಲ್ಲಿರುವಾಗ ವಿಲೆಮ್ ಸಿ. ವಿಸ್ ಅಣಕು ಆರ್ಬಿಟ್ರೇಷನ್ ಸ್ಪರ್ಧೆಗೆ ಪ್ರಯತ್ನಿಸಬೇಕು. ಅದು ವಿಯೆನ್ನಾದಲ್ಲಿಯೂ, ಅದರ ಸೋದರ ಸ್ಪರ್ಧೆ ಹಾಂಗ್‌ಕಾಂಗ್‌ನಲ್ಲಿಯೂ ಪ್ರತಿ ವರ್ಷ ನಡೆಯುತ್ತದೆ. ತಂಡಗಳು ವಾದಿಸಬೇಕಾದ ಕಾಲ್ಪನಿಕ ವಿವಾದದ ಸಮಸ್ಯೆ ಅಕ್ಟೋಬರ್‌ನಲ್ಲಿ ಪ್ರಕಟವಾಗುತ್ತದೆ. ತಂಡ ಕಳುಹಿಸುವ ಅನುಕೂಲ ನಿಮ್ಮ ಕಾಲೇಜಿಗೆ ಇಲ್ಲದಿದ್ದರೂ ಆ ಸಮಸ್ಯೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನವನಗರದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಓದುವ ನಾಲ್ಕೈದು ಗೆಳೆಯರು ಸೇರಿ, ಸ್ಪರ್ಧೆಯ ನಿಯಮದಂತೆಯೇ ಮೊದಲು ಹಕ್ಕುದಾರನ ಪರವಾಗಿ, ಬಳಿಕ ಎದುರುದಾರನ ಪರವಾಗಿ ಲಿಖಿತ ವಾದವನ್ನು ಪೂರ್ಣವಾಗಿ ಬರೆಯಿರಿ. ವಿಮಾನದ ಖರ್ಚಿಲ್ಲದೆ ದೊರೆಯುವ ಇಷ್ಟು ಒಳ್ಳೆಯ ತರಬೇತಿ ಬೇರೊಂದಿಲ್ಲ.

ಸನ್ನದು ಪಡೆದು ಅಖಿಲ ಭಾರತ ಬಾರ್ ಪರೀಕ್ಷೆ ಮುಗಿಸಿದ ಮೇಲೆ ಕನಿಷ್ಠ ಮೂರು ವರ್ಷ ವಿಚಾರಣಾ ನ್ಯಾಯಾಲಯದಲ್ಲಿ ನುರಿತ ಹಿರಿಯರೊಬ್ಬರ ಕೈಕೆಳಗೆ ಸಿವಿಲ್ ದಾವೆಗಳನ್ನು ನಡೆಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅಂತರರಾಷ್ಟ್ರೀಯ ವಿಚಾರಣೆಯಲ್ಲಿ ಸಾಕ್ಷಿಯ ಮುಖ್ಯ ಹೇಳಿಕೆ ಲಿಖಿತವಾಗಿ ಮೊದಲೇ ಸಲ್ಲಿಕೆಯಾಗಿರುತ್ತದೆ. ಮುಖ್ಯ ವಿಚಾರಣೆಗೆ ಪ್ರಮಾಣಪತ್ರ ಸಲ್ಲಿಸುವ ರೂಢಿ ನಮ್ಮ ಸಿವಿಲ್ ನ್ಯಾಯಾಲಯಗಳಲ್ಲೂ ಇರುವುದರಿಂದ ಇದು ಹೊಸದೆನಿಸುವುದಿಲ್ಲ. ಹೊಸದಾಗಿರುವುದು ಸಮಯದ ಮಿತಿ. ಎರಡೂ ಕಡೆಯವರಿಗೆ ಗಂಟೆಗಳನ್ನು ಹಂಚಿಕೊಟ್ಟು, ಪ್ರತಿ ನಿಮಿಷವನ್ನೂ ಲೆಕ್ಕವಿಡಲಾಗುತ್ತದೆ; ವಾಯಿದೆಯ ಮೇಲೆ ವಾಯಿದೆ ಕೇಳುವ ಅವಕಾಶವಿಲ್ಲ. ಆದ್ದರಿಂದ ಧಾರವಾಡದ ನ್ಯಾಯಾಲಯದಲ್ಲಿ ನಲವತ್ತು ಪ್ರಶ್ನೆ ಕೇಳುವ ಅವಕಾಶವಿದ್ದಾಗಲೂ, ಪ್ರತಿಯೊಂದನ್ನೂ ಒಂದು ದಾಖಲೆಗೆ ಜೋಡಿಸಿ, ಹತ್ತರಲ್ಲಿ ಮುಗಿಸುವ ಅಭ್ಯಾಸ ಮಾಡಿ. ಕನ್ನಡ ಬಲ್ಲ ವಕೀಲರಿಗೆ ಇಲ್ಲೊಂದು ವಿಶೇಷ ಅನುಕೂಲವೂ ಇದೆ: ಬ್ಯಾಡಗಿಯ ದಲಾಲರೊಬ್ಬರು ಕನ್ನಡದಲ್ಲಿ ಸಾಕ್ಷಿ ನುಡಿಯುವಾಗ ದುಭಾಷಿಯ ಇಂಗ್ಲಿಷಿನಲ್ಲಿ ಏನು ತಪ್ಪಿಹೋಯಿತು ಎಂಬುದನ್ನು ಕೂಡಲೇ ಹಿಡಿದು ಆಕ್ಷೇಪಿಸಲು ಅವರಿಗೆ ಮಾತ್ರ ಸಾಧ್ಯ.

ದಾಖಲೆ ತರಿಸುವ ವಿಧಾನವನ್ನೂ ಕಲಿಯಬೇಕು. ಅಂತರರಾಷ್ಟ್ರೀಯ ಬಾರ್ ಅಸೋಸಿಯೇಷನ್‌ನ ಪುರಾವೆ ನಿಯಮಗಳನ್ನು, ಅವುಗಳ 2020ರ ಪರಿಷ್ಕೃತ ರೂಪದಲ್ಲಿ, ಒಮ್ಮೆ ಪೂರ್ತಿ ಓದಿ. ರೆಡ್‌ಫರ್ನ್ ಶೆಡ್ಯೂಲ್ ಎಂಬ ಕೋಷ್ಟಕದಲ್ಲಿ ಬೇಕಾದ ದಾಖಲೆ, ಅದು ಏಕೆ ಬೇಕು, ಎದುರಾಳಿಯ ಆಕ್ಷೇಪ, ನ್ಯಾಯಮಂಡಳಿಯ ನಿರ್ಧಾರ ಎಂಬ ಅಂಕಣಗಳಿರುತ್ತವೆ. ಕಿರಿಯ ವಕೀಲರ ಪಾಲಿಗೆ ಮೊದಲು ಬರುವ ಕೆಲಸಗಳಲ್ಲಿ ಇದನ್ನು ತುಂಬುವುದೂ ಒಂದು.

ಪದವಿಯ ವಿಷಯದಲ್ಲಿ ಲಂಡನ್ನಿನ ಕ್ವೀನ್ ಮೇರಿ, ಸ್ಟಾಕ್‌ಹೋಮ್ ವಿಶ್ವವಿದ್ಯಾಲಯ, ಜಿನೀವಾದ ಎಂಐಡಿಎಸ್ ಎಂಬ ಎಲ್‌ಎಲ್.ಎಂ. ಕೋರ್ಸ್, ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ ಇವು ಹೆಸರಾದವು. ಹಲವು ಲಕ್ಷಗಳ ಸಾಲ ಮಾಡಿ ಹೋಗುವ ಮುನ್ನ ವಿದ್ಯಾರ್ಥಿವೇತನ ಖಚಿತವಾಗಿರಲಿ. 1915ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಆರ್ಬಿಟ್ರೇಟರ್ಸ್‌ನ ಸದಸ್ಯತ್ವ ಪರೀಕ್ಷೆಗಳು ಹೋಲಿಕೆಯಲ್ಲಿ ಕಡಿಮೆ ಖರ್ಚಿನವು. ಅನುಭವಕ್ಕಾಗಿ ಬೆಂಗಳೂರಿನಲ್ಲಿ ಹೈಕೋರ್ಟಿನ ಅಡಿಯಲ್ಲಿ ನಡೆಯುವ ಆರ್ಬಿಟ್ರೇಷನ್ ಕೇಂದ್ರವನ್ನೂ, 2016ರಲ್ಲಿ ಆರಂಭವಾದ ಮುಂಬೈ ಕೇಂದ್ರವನ್ನೂ ಮೊದಲು ನೋಡಬಹುದು.

ಊರು ಬಿಡಲು ಇಚ್ಛಿಸದವರಿಗೂ ಈ ಕ್ಷೇತ್ರದಲ್ಲಿ ಗಟ್ಟಿಯಾದ ಕೆಲಸವಿದೆ. ಅದು ವಿದೇಶಿ ಅವಾರ್ಡುಗಳ ಜಾರಿ. ಸಿಂಗಪುರದಲ್ಲಿ ಗೆದ್ದವನು ಹಣ ವಸೂಲಿ ಮಾಡಬೇಕಾದದ್ದು ಸೋತವನ ಆಸ್ತಿ ಇರುವಲ್ಲಿ, ಅಂದರೆ ಹುಬ್ಬಳ್ಳಿಯ ಗೋದಾಮಿನ ಅಥವಾ ಬ್ಯಾಂಕ್ ಖಾತೆಯ ಮೇಲೆ. 47ನೇ ಕಲಮಿನಡಿ ಈ ಅರ್ಜಿ ಹೈಕೋರ್ಟಿಗೆ ಸಲ್ಲಬೇಕು. 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ಧಾರವಾಡದಲ್ಲಿಯೇ ಇರುವುದು ನಮ್ಮ ವಕೀಲರ ಭಾಗ್ಯ. ಇಲ್ಲಿ ಮೊದಲು ನೋಡಬೇಕಾದದ್ದು ಗೆಜೆಟ್. ವಿದೇಶಿ ಅವಾರ್ಡುಗಳನ್ನು ಮಾನ್ಯ ಮಾಡುವ 1958ರ ನ್ಯೂಯಾರ್ಕ್ ಒಪ್ಪಂದದಲ್ಲಿ 170ಕ್ಕೂ ಹೆಚ್ಚು ದೇಶಗಳಿದ್ದರೂ ಭಾರತ ಅವೆಲ್ಲವನ್ನೂ ಅಧಿಸೂಚಿಸಿಲ್ಲ. ಅಧಿಸೂಚನೆಯಿಲ್ಲದ ದೇಶದ ಅವಾರ್ಡು 44ನೇ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ. ಅನಂತರ ಕಾಲಮಿತಿ: 2020ರ ವೇದಾಂತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜಾರಿ ಅರ್ಜಿಗೆ ಮೂರು ವರ್ಷ ಎಂದಿದೆ. ಎದುರಾಳಿಯ ಪರ ನಿಂತಾಗ, 48ನೇ ಕಲಮಿನ ಸೀಮಿತ ಕಾರಣಗಳ ಹೊರಗೆ ವಿವಾದದ ಗುಣದೋಷವನ್ನು ಮತ್ತೆ ಎತ್ತಲು ಬರುವುದಿಲ್ಲ ಎಂಬುದನ್ನು ಕಕ್ಷಿದಾರನಿಗೆ ಶುಲ್ಕ ಪಡೆಯುವ ಮೊದಲೇ ಹೇಳುವುದು ನಿಮ್ಮ ಕರ್ತವ್ಯ.

ಆರ್ಬಿಟ್ರೇಟರ್ ಆಗಿ ನೇಮಕವಾಗುವುದು ಬಹಳ ವರ್ಷಗಳ ನಂತರದ ಮಾತು, ಆದರೆ ಅದಕ್ಕೆ ಬೇಕಾದ ಒಂದು ಕೆಲಸವನ್ನು ವಕೀಲಿಯ ಮೊದಲ ದಿನದಿಂದಲೇ ಮಾಡಬೇಕು. ಕಾಯಿದೆಯ ಐದನೇ ಅನುಸೂಚಿ, ಆರ್ಬಿಟ್ರೇಟರ್ ಹಿಂದಿನ ಮೂರು ವರ್ಷಗಳಲ್ಲಿ ಪಕ್ಷಗಾರರೊಂದಿಗೆ ಹೊಂದಿದ್ದ ಹಲವು ಬಗೆಯ ಸಂಬಂಧಗಳನ್ನು ಸಂಶಯಕ್ಕೆ ಕಾರಣವೆಂದು ಎಣಿಸುತ್ತದೆ. ಆದಕಾರಣ ಒಂದು ವಹಿಯಲ್ಲಿ ಪ್ರತಿ ಕಕ್ಷಿದಾರ, ಎದುರು ಪಕ್ಷಗಾರ, ಅವರ ಅಂಗಸಂಸ್ಥೆಗಳು ಮತ್ತು ಸಲಹೆ ಪಡೆದು ಮುಂದುವರಿಯದವರ ಹೆಸರನ್ನೂ ದಿನಾಂಕ ಸಹಿತ ಬರೆದಿಡಿ, ಮತ್ತು ಹೊಸ ಕಡತ ಕೈಗೆತ್ತಿಕೊಳ್ಳುವ ಮುನ್ನ ಆ ವಹಿಯನ್ನು ನೋಡಿ.