ಮಾಲು ಕೊಡುವವರ ಕಡೆ ಜೀತ ಇದೆಯಾ? ಹೀಗೆ ನೋಡಿ

ಪೀಣ್ಯದಂಥ ಕಡೆ ಕಾರ್ಖಾನೆ ಇಟ್ಟುಕೊಂಡು ಬ್ರಿಟನ್ನಿಗೆ ಮಾಲು ಕಳಿಸುತ್ತಿದ್ದರೆ ಗಿರಾಕಿಯಿಂದ ಒಂದು ಫಾರ್ಮ್ ಬರಬಹುದು: ನಿಮ್ಮಲ್ಲಿ, ನಿಮಗೆ ಮಾಲು ಕೊಡುವವರಲ್ಲಿ ಬಲವಂತದ ದುಡಿಮೆ ಇಲ್ಲ ತಾನೇ? ಅಲ್ಲಿನ 2015ರ ಕಾಯ್ದೆ ಪ್ರಕಾರ ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟಿರುವ ಕಂಪನಿಗಳು ಪ್ರತಿ ವರ್ಷ ಈ ಬಗ್ಗೆ ಹೇಳಿಕೆ ಕೊಡಲೇಬೇಕು. ಸುಮ್ನೆ ‘ಇಲ್ಲ’ ಅಂತ ಟಿಕ್ ಹಾಕಿ ಕಳಿಸಬೇಡಿ.

ಮೊದಲು ಲೇಬರ್ ಕಂಟ್ರಾಕ್ಟರನ್ನು ಹಿಡಿಯಿರಿ. ಗೋಳು ಶುರುವಾಗೋದು ಹೆಚ್ಚಾಗಿ ಅಡ್ವಾನ್ಸ್‌ನಿಂದ. ಊರಲ್ಲೇ ಎಷ್ಟು ಕೊಟ್ಟಿದ್ದಾನೆ, ಸಂಬಳದಲ್ಲಿ ಹೇಗೆ ಮುರಿದುಕೊಳ್ಳುತ್ತಾನೆ, ಸಾಲ ತೀರುವ ಮುಂಚೆ ಬಿಟ್ಟು ಹೋಗಬಹುದಾ, ಇದನ್ನೆಲ್ಲ ಕೆಲಸಗಾರರನ್ನೇ ಕೇಳಿ. ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರೆ ಯಾರೂ ಬಾಯಿ ಬಿಡಲ್ಲ, ಹಾಗಾಗಿ ರಜೆಯ ದಿನ, ಅವರ ಭಾಷೆ ಬರುವವರನ್ನು ಕರೆದುಕೊಂಡು, ಅವರು ಉಳಿಯುವ ಶೆಡ್ಡಿಗೇ ಹೋಗಿ. ಆಧಾರ್, ಎಟಿಎಂ ಕಾರ್ಡ್ ಯಾರ ಹತ್ತಿರ ಇವೆ ಅಂತ ಕೇಳಿ. ಸಂಬಳ ಬ್ಯಾಂಕಿಗೆ ಹಾಕಿದ ದಾಖಲೆ ಇದ್ದರೂ ಕಾರ್ಡ್ ಮೇಸ್ತ್ರಿಯ ಜೇಬಲ್ಲಿದ್ದರೆ ಏನು ಬಂತು?

ಕನಿಷ್ಠ ವೇತನವನ್ನೂ ನೋಡಿ. ಅದಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಜೀತ ಕಂಡರೆ ಥಟ್ಟನೆ ಆರ್ಡರ್ ನಿಲ್ಲಿಸಿ ಕೈ ತೊಳೆದುಕೊಳ್ಳಬೇಡಿ, ಏಟು ಬೀಳೋದು ಕೆಲಸಗಾರರಿಗೇ. ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿಗೆ ಬರೆದುಕೊಡಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಜೀತದ ಸಾಲ ಪೂರ್ತಿ ರದ್ದು, ಒಂದು ರೂಪಾಯಿಯನ್ನೂ ವಾಪಸ್ ಕೇಳುವಂತಿಲ್ಲ. ಇದನ್ನು ಕೆಲಸಗಾರರಿಗೂ ಹೇಳಿ.