ನ್ಯಾಶ್‌ವಿಲ್‌ಗೆ ಹೊಸದಾಗಿ ಬಂದವರಿಗೆ: ಆಪ್ರಿ ಮೆಂಬರ್ ಅಂದರೆ ಯಾರು?

ಮನೆ ಬಾಡಿಗೆ, ಡ್ರೈವಿಂಗ್ ಲೈಸೆನ್ಸು, ಗಣೇಶ ದೇವಸ್ಥಾನಕ್ಕೆ ಹೋಗೋ ದಾರಿ, ಇವನ್ನೆಲ್ಲ ನಿಮಗೆ ಯಾರಾದರೂ ಹೇಳಿಕೊಡುತ್ತಾರೆ. ನಾನು ಹೇಳಬೇಕು ಅಂದುಕೊಂಡಿರೋದು ಗ್ರ್ಯಾಂಡ್ ಓಲ್ ಆಪ್ರಿ ಬಗ್ಗೆ, ಅಂದರೆ ಕಂಟ್ರಿ ಅನ್ನೋ ಅಮೆರಿಕದ ಹಳ್ಳಿ ಸೊಗಡಿನ ಸಂಗೀತದ ಶೋ ಬಗ್ಗೆ. ಈ ಊರಲ್ಲಿ ಒಬ್ಬ ಗಾಯಕರನ್ನು "ಆಪ್ರಿ ಮೆಂಬರ್" ಅಂದರೆ ಜನರ ಮುಖದಲ್ಲೇ ಗೌರವ ಕಾಣುತ್ತದೆ. ಅದು ಯಾಕೆ ಅಂತ ಗೊತ್ತಿದ್ದರೆ ಊರು ಬೇಗ ಹತ್ತಿರವಾಗುತ್ತದೆ.

1925ರ ನವೆಂಬರ್ 28ರಂದು ಇಲ್ಲಿನ ಒಂದು ಇನ್ಶೂರೆನ್ಸ್ ಕಂಪನಿಯ ರೇಡಿಯೋ ಸ್ಟೇಷನ್ನಿನಲ್ಲಿ ಶುರುವಾದ ಶನಿವಾರ ರಾತ್ರಿಯ ಕಾರ್ಯಕ್ರಮ ಇದು. ಸ್ಟೇಷನ್ ಹೆಸರು ಡಬ್ಲ್ಯುಎಸ್‌ಎಂ. ಈಗಲೂ 650 ಎಎಂನಲ್ಲಿ ಬರುತ್ತದೆ, ಕಾರಿನಲ್ಲಿ ಹಾಕಿ ಕೇಳಿ.

ಮೆಂಬರ್ ಆಗೋಕೆ ಅರ್ಜಿ ಇಲ್ಲ, ಓಟಿಂಗ್ ಇಲ್ಲ, ಇಷ್ಟು ಹಿಟ್ ಕೊಟ್ಟರೆ ಸೀಟು ಗ್ಯಾರಂಟಿ ಅನ್ನೋ ಲೆಕ್ಕವೂ ಇಲ್ಲ. ಆಪ್ರಿ ನಡೆಸುವವರೇ ನೋಡಿ ಕರೆಯಬೇಕು. ಹಾಡು ಎಷ್ಟು ಓಡಿದೆ, ರೇಡಿಯೋದಲ್ಲಿ ಬರುತ್ತಾ, ಟೂರ್ ಹೇಗಿದೆ, ಇದೆಲ್ಲ ನೋಡುತ್ತಾರೆ ನಿಜ. ಆದರೆ ಅದಕ್ಕಿಂತ ಜಾಸ್ತಿ ನೋಡೋದು ಈ ಮನುಷ್ಯ ಮತ್ತೆ ಮತ್ತೆ ಬಂದು ಇಲ್ಲಿ ಹಾಡುತ್ತಾನಾ, ಹಿರಿಯರ ಜೊತೆ ಬೆರೆಯುತ್ತಾನಾ ಅಂತ. ನನಗೆ ತುಂಬಾ ಇಷ್ಟವಾಗೋದು ಇದೇ. ಸುಮ್ನೆ ಕೊಟ್ಟು ಮರೆತುಬಿಡೋ ಪ್ರಶಸ್ತಿ ಅಲ್ಲ ಇದು, ಮೆಂಬರ್ ಆದ ಮೇಲೂ ಬರುತ್ತಲೇ ಇರಬೇಕು.

ಹಿಂದೆ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. 1960ರ ದಶಕದಲ್ಲಿ ವರ್ಷಕ್ಕೆ 26 ಸಲ ಹಾಡಬೇಕು ಅನ್ನೋ ನಿಯಮ ಇತ್ತು, ಹೊರಗಡೆ ಶೋ ಮಾಡಿ ಒಳ್ಳೆ ದುಡ್ಡು ಬರೋದೂ ಶನಿವಾರವೇ, ಆ ಶನಿವಾರಗಳನ್ನು ಬಿಟ್ಟು ಇಲ್ಲಿ ಕಡಿಮೆ ಸಂಭಾವನೆಗೆ ಬಂದು ಹಾಡೋದು ಅಂದರೆ ಸಣ್ಣ ಮಾತಲ್ಲ. 1964ರ ಕೊನೆಯಲ್ಲಿ ನಿಯಮ ಪಾಲಿಸಲಿಲ್ಲ ಅಂತ 12 ಜನರನ್ನು ಕೈಬಿಟ್ಟರು. ಕಿಟ್ಟಿ ವೆಲ್ಸ್ ಅಂಥ ದೊಡ್ಡವರೂ ಅದರಲ್ಲಿದ್ದರು. ಅದಕ್ಕೂ ಮೊದಲು 1952ರಲ್ಲಿ ಕಂಟ್ರಿ ಸಂಗೀತದ ದೊಡ್ಡ ತಾರೆ ಹ್ಯಾಂಕ್ ವಿಲಿಯಮ್ಸ್ ಅವರನ್ನೇ ತೆಗೆದಿದ್ದರು.

ಒಂದು ನೋವಿನ ವಿಷಯವನ್ನೂ ತಿಳಿದಿರಿ. ಆಪ್ರಿಯ ಮೊದಲ ವರ್ಷಗಳಲ್ಲೇ ಜನ ಕಾದು ಕೇಳುತ್ತಿದ್ದ ಮೌತ್ ಆರ್ಗನ್ ವಾದಕ ಡಿಫೋರ್ಡ್ ಬೈಲಿ ಕಪ್ಪು ಕಲಾವಿದರು. 1941ರಲ್ಲಿ ಅವರನ್ನು ಕಳಿಸಿಬಿಟ್ಟರು. ಆಮೇಲೆ ಇನ್ನೊಬ್ಬ ಕಪ್ಪು ಕಲಾವಿದ, ಗಾಯಕ ಚಾರ್ಲಿ ಪ್ರೈಡ್ ಮೆಂಬರ್ ಆಗೋ ಹೊತ್ತಿಗೆ 1993 ಆಗಿತ್ತು. ಇಷ್ಟು ವರ್ಷ ಬೇಕಾಗಿದ್ದು ಅನ್ಯಾಯವೇ.

ಕರೆಯೋ ರೀತಿ ಮಾತ್ರ ಚೆಂದ. ಸಾಮಾನ್ಯವಾಗಿ ಈಗಿನ ಮೆಂಬರ್ ಒಬ್ಬರು ಸ್ಟೇಜ್ ಮೇಲೆ ದಿಢೀರನೆ ಬಂದು ಕೇಳುತ್ತಾರೆ. 2012ರಲ್ಲಿ ಗಾಯಕ ಡೇರಿಯಸ್ ರಕರ್ ಸ್ಟೇಜ್ ಮೇಲೆ ನಿಂತು ಪ್ರೇಕ್ಷಕರ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಪ್ರೇಕ್ಷಕರ ನಡುವಿಂದ ಮೈಕ್ ಹಿಡಿದು ಎದ್ದವರು ಆಪ್ರಿ ಮೆಂಬರ್ ಆಗಿದ್ದ ಗಾಯಕ ಬ್ರ್ಯಾಡ್ ಪೇಸ್ಲಿ! ಮೊದಲು ಒಂದಿಷ್ಟು ಕಾಲೆಳೆದು, ಆಮೇಲೆ ಆಪ್ರಿ ಮೆಂಬರ್ ಆಗ್ತೀರಾ ಅಂತ ಕೇಳಿಬಿಟ್ಟರು. ಹೀಗೆ ಕರೆದವರನ್ನು ಕೆಲವು ದಿನ ಕಳೆದ ಮೇಲೆ ಇನ್ನೊಂದು ಶೋನಲ್ಲಿ ವಿಧಿವತ್ತಾಗಿ ಸೇರಿಸಿಕೊಳ್ಳುತ್ತಾರೆ. ಆಮೇಲೆ ಸ್ಟೇಜಿನ ಹಿಂದೆ ಅವರ ಹೆಸರಿನಲ್ಲಿ ಒಂದು ಪೋಸ್ಟ್ ಬಾಕ್ಸ್ ಸಿಗುತ್ತದೆ, ಅಭಿಮಾನಿಗಳ ಪತ್ರ ಅಲ್ಲಿಗೆ ಬರುತ್ತವೆ.

ಇನ್ನೊಂದು, ಡೌನ್‌ಟೌನಿನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಬೇರೆ ಸಂಸ್ಥೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಆಪ್ರಿಯಲ್ಲಿ ಒಂದು ಸಲ ಹಾಡಿದವರೆಲ್ಲ ಮೆಂಬರ್ ಅಲ್ಲ, ಅತಿಥಿಗಳೂ ಬಹಳ ಜನ ಬರುತ್ತಾರೆ.

ಊರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿ. ಒಬ್ಬೊಬ್ಬರು ಎರಡು ಮೂರು ಹಾಡು ಹಾಡಿ ಹೋಗುತ್ತಾರೆ, ಬೇಜಾರಾಗಲ್ಲ. ಸ್ಟೇಜಿನ ನಡುವೆ ಆರಡಿ ಅಗಲದ ಮರದ ವೃತ್ತ ಕಾಣುತ್ತದೆ. ಅದು ಆಪ್ರಿ ಮೊದಲು ನಡೆಯುತ್ತಿದ್ದ ಹಳೆಯ ರೈಮನ್ ಆಡಿಟೋರಿಯಮ್ಮಿನ ಸ್ಟೇಜಿನಿಂದ ಕತ್ತರಿಸಿ ತಂದಿದ್ದು, 1974ರಲ್ಲಿ ಈಗಿನ ಕಟ್ಟಡಕ್ಕೆ ಬಂದಾಗ ಕೂರಿಸಿದ್ದು. 2010ರ ಪ್ರವಾಹದಲ್ಲಿ ನೀರಲ್ಲಿ ಮುಳುಗಿತ್ತು, ಸರಿಮಾಡಿ ಅಲ್ಲೇ ಇಟ್ಟರು. ಆಯಾ ದಿನ ಯಾರು ಹಾಡುತ್ತಾರೆ ಅಂತ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ, ನೋಡಿಕೊಂಡು ಟಿಕೆಟ್ ತಗೊಳ್ಳಿ. ಪಕ್ಕದಲ್ಲೇ ಆಪ್ರಿ ಮಿಲ್ಸ್ ಮಾಲ್ ಇದೆ, ವಾರಾಂತ್ಯದಲ್ಲಿ ಅಲ್ಲಿ ಟ್ರಾಫಿಕ್ ಜಾಸ್ತಿ, ಸ್ವಲ್ಪ ಬೇಗನೇ ಹೊರಡಿ.