ಕರೆಯೋಲೆಗಿಂತ ಮೊದಲು ಕಥೆ ಹೇಳಿಬಂದದ್ದು

ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವವರು 30 ದಿನ ಮೊದಲೇ ನೋಟಿಸ್ ಕೊಡಬೇಕು, ಅದನ್ನು ಕಚೇರಿಯ ಬೋರ್ಡಿಗೆ ಹಚ್ಚುತ್ತಾರೆ ಎಂಬುದು ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅದರ ಬಾಲ. ಇಬ್ಬರಲ್ಲಿ ಯಾರದ್ದಾದರೂ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸಿನ ಒಂದು ಪ್ರತಿ ಆ ಕಡೆಯ ವಿವಾಹಾಧಿಕಾರಿಗೂ ಹೋಗುತ್ತದೆ, ಅಲ್ಲಿಯ ಬೋರ್ಡನ್ನೂ ಏರುತ್ತದೆ. 1954ರ ಕಾಯ್ದೆಯ 6ನೇ ಸೆಕ್ಷನ್ನಿನಲ್ಲೇ ಹಾಗಿದೆ. ನಾವು ನೋಟಿಸ್ ಕೊಡಬೇಕಿದ್ದದ್ದು ಮೈಸೂರಿನಲ್ಲಿ. ನನ್ನ ಕಾಯಂ ವಿಳಾಸ ತೀರ್ಥಹಳ್ಳಿ ತಾಲ್ಲೂಕಿನದು, ನಾನು ಮದುವೆಯಾಗಲಿದ್ದ ಇವರದ್ದು ಕಲಬುರಗಿ ಜಿಲ್ಲೆಯದು.

ನೋಟಿಸಿನ ನಮೂನೆ ನೋಡಿದಾಗ ಇನ್ನೂ ಗಾಬರಿಯಾಯಿತು. ಹೆಸರು, ವಯಸ್ಸು ಇರಲಿ. ಅವಿವಾಹಿತರೋ, ವಿಧುರರೋ, ವಿಚ್ಛೇದಿತರೋ ಎಂದು ಒಂದು ಕಾಲಂ. ಉದ್ಯೋಗ ಏನೆಂದು ಇನ್ನೊಂದು. ಈಗ ಎಲ್ಲಿ ವಾಸ, ಎಷ್ಟು ಕಾಲದಿಂದ ಎಂದು ಮತ್ತೆರಡು. ನಾನು ನೆಂಟರಿಗೆ ಹೇಳದೆ ಉಳಿಸಿಕೊಂಡಿದ್ದೆಲ್ಲ ಸರ್ಕಾರಿ ನಮೂನೆಯಲ್ಲಿ ಸಾಲಾಗಿ ಕೂತಿತ್ತು. ಮೊದಲ ಮದುವೆ ಮುರಿದದ್ದು, ಬೆಂಗಳೂರಿನ ಕಂಪನಿ ಕೆಲಸ ಬಿಟ್ಟದ್ದು, ಮೈಸೂರಿಗೆ ಬಂದು ಮನೆಯಲ್ಲೇ ಪುಸ್ತಕಗಳ ಪುಟವಿನ್ಯಾಸ ಮಾಡಿಕೊಂಡಿರುವುದು. ಜಮೀನಿನ ಕಾಗದಕ್ಕೆಂದು ನೋಂದಣಿ ಕಚೇರಿಗೆ ಹೋಗಿ ಮಧ್ಯಾಹ್ನದವರೆಗೆ ಕಾಯುವ ನಮ್ಮೂರಿನವರಿಗೆ ಬೋರ್ಡು ಓದುವುದು ಬಿಟ್ಟರೆ ಬೇರೆ ಕೆಲಸವಾದರೂ ಏನಿರುತ್ತದೆ?

ವಿಚ್ಛೇದನದ ಸುದ್ದಿ ಅಪ್ಪ, ಅಮ್ಮ, ಅಣ್ಣನಿಗೆ ಮಾತ್ರ ಗೊತ್ತಿತ್ತು. ಪರಸ್ಪರ ಒಪ್ಪಿಗೆಯ ಅರ್ಜಿಯೆಂದರೆ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಇನ್ನೂ ಆರು ತಿಂಗಳು ಕಾಯಬೇಕು. ಅಷ್ಟು ದಿನವೂ ಊರಿನ ಮದುವೆ, ಗೃಹಪ್ರವೇಶಗಳಲ್ಲಿ ಯಾರಾದರೂ ಕೇಳಿದರೆ ಅಮ್ಮ “ಅವರಿಗೆ ರಜೆ ಇಲ್ಲ” ಎಂದು ಸಂಭಾಳಿಸುತ್ತಿದ್ದಳು. ಆಗ ನನಗೆ ಯಾರ ಮುಖ ನೋಡುವ ಚೈತನ್ಯವೂ ಇರಲಿಲ್ಲ. ಹಾಗೆ ಸುಮ್ಮನಿದ್ದದ್ದು ಸರಿಯೇ ಎಂದು ಈಗಲೂ ಅನ್ನುತ್ತೇನೆ.

ಆದರೆ ಮದುವೆಗೆ ಕರೆಯಲು ಹೋದ ದಿನವೇ ಇದನ್ನೆಲ್ಲ ಹೇಳಲಾಗದು. ನಮ್ಮ ಕಡೆ ಕರೆಯಲು ಹೋದವರು ನಾಲ್ಕು ಮನೆ ಮುಗಿಸುವ ಅವಸರದಲ್ಲಿರುತ್ತಾರೆ. ಕಾಫಿ ಕುಡಿದು, ಪತ್ರಿಕೆ ಕೊಟ್ಟು ಎದ್ದುಬಿಡುತ್ತಾರೆ. ಪತ್ರಿಕೆಯಲ್ಲಿ ಬೇರೊಬ್ಬ ಗಂಡಿನ ಹೆಸರು ಓದಿದ ಮನೆಯವರು ಏನು ಕೇಳಬೇಕು, ನಾವು ಹೊಸ್ತಿಲಲ್ಲಿ ನಿಂತು ಏನು ಹೇಳಬೇಕು? ಅದಕ್ಕೇ ಕೈಯಲ್ಲಿ ಪತ್ರಿಕೆ ಇಲ್ಲದೆ, ತಾರೀಖೂ ಇಲ್ಲದೆ, ಕಥೆ ಹೇಳಲೆಂದೇ ಒಂದು ಸುತ್ತು ಹೋಗುವುದೆಂದು ಹೊರಟೆ. ಅಮ್ಮನಿಗೆ ಇದು ಇಷ್ಟವಿರಲಿಲ್ಲ. “ಒಂದೇ ಸಲ ಹೇಳಿ ಮುಗಿಸೋದು ಬಿಟ್ಟು ಎರಡೆರಡು ಸಲ ಎಂತಕ್ಕೆ?” ಎಂದಳು. ಒಂದು ಸಲಕ್ಕೆ ಸುದ್ದಿ, ಇನ್ನೊಂದು ಸಲಕ್ಕೆ ಸಂತೋಷ ಎಂದೆ. ಒಪ್ಪಲಿಲ್ಲ. ಆದರೆ ಜೊತೆಗೆ ಬಂದಳು.

ಅಡಿಕೆ ಕೊಯ್ಲಿನ ಕಾಲದಲ್ಲಿ ಯಾರ ಮನೆಗೂ ಹೋಗುವಂತಿಲ್ಲ. ಹಗಲು ತೋಟ, ರಾತ್ರಿ ಸುಲಿತ. ಕೊಯ್ಲು ಮುಗಿದು ಅಡಿಕೆ ಅಂಗಳದಲ್ಲಿ ಒಣಗುವ ಹೊತ್ತಿಗೆ ಜನಕ್ಕೆ ಕೂತು ಕೇಳುವ ಪುರುಸೊತ್ತು ಬರುತ್ತದೆ. ಫೋನಿನಲ್ಲಿ ಆಗುವ ಮಾತೂ ಅಲ್ಲ ಇದು. ನಮ್ಮ ಎಷ್ಟೋ ಮನೆಗಳಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು.

ಮೊದಲು ಯಾರಿಗೆ ಎಂಬುದರ ಮೇಲೆ ಹೆಚ್ಚು ತಲೆ ಕೆಡಿಸಿಕೊಂಡೆ. ಸುದ್ದಿ ಕೇಳಿ ಯಾರಿಗೆ ನೋವಾಗುತ್ತದೆ ಎಂದು ಲೆಕ್ಕ ಹಾಕಿದರೆ ಉತ್ತರ ಸಿಗಲಿಲ್ಲ, ಎಲ್ಲರಿಗೂ ಆಗುತ್ತದೆ. “ನನಗೆ ಆಮೇಲೆ ಹೇಳಿದರು” ಎಂದು ಯಾರಿಗೆ ನೋವಾಗುತ್ತದೆ ಎಂದು ಲೆಕ್ಕ ಹಾಕಿದಾಗ ದೊಡ್ಡಮ್ಮನ ಹೆಸರು ತಾನೇ ಮೇಲೆ ಬಂತು. ನನ್ನ ಮೊದಲ ಮದುವೆಯ ಚಪ್ಪರದಲ್ಲಿ ಹಗಲೂ ರಾತ್ರಿ ದುಡಿದವಳು ಅವಳು. ಅವಳಿಗೆ ಹೇಳಿದೆ. ಅತ್ತಳು, ನನಗೆ ಬೈದಳು, ಅಮ್ಮನಿಗೆ ಇನ್ನೂ ಜಾಸ್ತಿ ಬೈದಳು. ಆಮೇಲೆ ಉಳಿದ ಮನೆಗಳಿಗೆ ತಾನೂ ಬರುತ್ತೇನೆಂದು ಸೀರೆ ಬದಲಿಸಿ ಹೊರಟೇಬಿಟ್ಟಳು. ಅವಳು ಜೊತೆಗಿದ್ದ ಮನೆಗಳಲ್ಲಿ ನನಗೆ ಅರ್ಧ ಮಾತು ಉಳಿಯಿತು.

ಅಜ್ಜಿಗೆ ಹೇಳುವುದೇ ಬೇಡ ಎಂಬುದು ಎಲ್ಲರ ಮಾತು. ವಯಸ್ಸಾಗಿದೆ, ಎದೆಗೆ ಹಚ್ಚಿಕೊಳ್ಳುತ್ತಾಳೆ ಎಂದು. ನಾನು ಕೇಳಲಿಲ್ಲ. ಹೇಳದೆ ಮದುವೆಗೆ ಕರೆತಂದು ಕೂರಿಸಿದರೆ ಅವಳನ್ನು ಮಗು ಮಾಡಿದ ಹಾಗೆ. ಪಕ್ಕದಲ್ಲಿ ಕೂತು ನಿಧಾನಕ್ಕೆ ಎಲ್ಲ ಹೇಳಿದೆ. ಕೇಳಿಸಿಕೊಂಡು ಸ್ವಲ್ಪ ಹೊತ್ತು ಎಲೆಯಡಿಕೆ ಜಗಿದಳು. “ನಾನು ಕೊಟ್ಟ ಸರ ವಾಪಸ್ ಬಂತನೆ?” ಎಂದು ಕೇಳಿದಳು. ಬಂದಿದೆ, ಒಪ್ಪಂದದ ಪತ್ರದಲ್ಲಿ ಒಡವೆಗಳ ಪಟ್ಟಿಯನ್ನೇ ಬರೆಸಿದ್ದೆವು, ಎಲ್ಲ ಲಾಕರಿನಲ್ಲಿದೆ ಎಂದೆ. “ಹಂಗಾರೆ ಸರಿ” ಎಂದಳು.

ಹೇಳುವ ಮಾತನ್ನು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. “ಇಬ್ಬರೂ ಒಪ್ಪಿ ಬೇರೆಯಾದೆವು. ಕೋರ್ಟಿನಲ್ಲಿ ತೀರ್ಪಾಗಿದೆ. ಕೊಡೋದು ತಗೊಳ್ಳೋದು ಬಾಕಿ ಏನೂ ಇಲ್ಲ.” ಅಷ್ಟೇ. ಯಾಕೆ ಎಂದು ಕೇಳಿದವರಿಗೆ ಹೊಂದಲಿಲ್ಲ ಎಂದೆ, ಅದಕ್ಕಿಂತ ಮುಂದೆ ಹೋಗಲಿಲ್ಲ. ಒಂದು ಮನೆಯಲ್ಲಿ ಒಂದು ಕಾರಣ, ಇನ್ನೊಂದು ಮನೆಯಲ್ಲಿ ಇನ್ನೊಂದು ಕಾರಣ ಹೇಳಿದರೆ ಸಂಜೆಗೆ ಎರಡೂ ಸೇರಿ ಮೂರನೆಯದು ಹುಟ್ಟುತ್ತದೆ. ಅಲ್ಲದೆ ಮೊದಲ ಗಂಡನ ಮನೆಯವರಿಗೂ ನಮ್ಮವರಿಗೂ ಬೇರೆ ದಾರಿಯಲ್ಲಿ ನೆಂಟಸ್ತಿಕೆ ಇದೆ. ಬಾಯಿಗೆ ಬಂದದ್ದು ಆಡಿದರೆ ಆ ಕಡೆಯ ಹೆಣ್ಣುಮಕ್ಕಳು ಅನುಭವಿಸಬೇಕು. ಹೊರಡುವ ಮೊದಲು ಮೊದಲ ಗಂಡನಿಗೂ ಒಂದು ಮೆಸೇಜ್ ಹಾಕಿದ್ದೆ, ನಾನು ನೆಂಟರಿಗೆಲ್ಲ ತಿಳಿಸುತ್ತಿದ್ದೇನೆ, ನಿಮ್ಮ ಕಡೆಯವರಿಗೂ ನೀವು ಹೇಳಿಬಿಡಿ ಎಂದು. ಸರಿ ಎಂದು ಉತ್ತರ ಬಂತು.

ನನಗೆ ಆಶ್ಚರ್ಯವಾದದ್ದು ಬೇರೆ. ಮದುವೆ ಮುರಿದ ಸುದ್ದಿಯನ್ನು ನಾಲ್ಕು ನಿಟ್ಟುಸಿರಿನಲ್ಲಿ ಅರಗಿಸಿಕೊಂಡವರಿಗೆ ಕಂಪನಿ ಕೆಲಸ ಬಿಟ್ಟದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. “ಅಷ್ಟು ಸಂಬಳ ಬಿಟ್ಟು ಪುಸ್ತಕ ಮಾಡ್ತೀಯಾ ಮಾರಾಯ್ತಿ?” ಎಂದು ಚಿಕ್ಕಪ್ಪ ಊಟ ಮುಗಿಯುವವರೆಗೂ ಕೇಳಿದರು. ಕೊನೆಗೆ ನಾನು ವಿನ್ಯಾಸ ಮಾಡಿದ ಒಂದು ಪುಸ್ತಕವನ್ನು ಚೀಲದಿಂದ ತೆಗೆದು ಕೊಟ್ಟೆ. ಒಳಪುಟದಲ್ಲಿ ನನ್ನ ಹೆಸರು ಅಚ್ಚಾಗಿದ್ದನ್ನು ನೋಡಿ ಸುಮ್ಮನಾದರು. ಮುಂದಿನ ಮನೆಗಳಲ್ಲಿ ಆ ಪುಸ್ತಕವನ್ನು ಮೊದಲೇ ಜಗಲಿಯ ಮೇಲೆ ಇಟ್ಟುಬಿಡುತ್ತಿದ್ದೆ.

ಇವರ ಬಗ್ಗೆ ಬಂದ ಪ್ರಶ್ನೆ ಎಲ್ಲ ಕಡೆಯೂ ಒಂದೇ: “ಯಾವ ಪೈಕಿ?” ಸುತ್ತಿ ಬಳಸದೆ ಹೇಳಿದೆ. ಜಾತಿ ಬೇರೆ ಎಂದು ತಿಳಿದಾಗ ಒಬ್ಬ ಮಾವ ಎದ್ದು ಕೊಟ್ಟಿಗೆಗೆ ಹೋದವರು ನಾವು ಹೊರಡುವವರೆಗೂ ಬರಲಿಲ್ಲ. ಆಕ್ಷೇಪಣೆ ಹಾಕುವುದಾಗಿಯೂ ಆಮೇಲೆ ಯಾರ ಬಳಿಯೋ ಅಂದರಂತೆ. ಆ ಕಾಯ್ದೆಯಲ್ಲಿ ಆಕ್ಷೇಪಣೆಗೆ ಇರುವ ಕಾರಣಗಳು ಲೆಕ್ಕದವು: ಜೀವಂತ ಸಂಗಾತಿ ಇದ್ದರೆ, ಬುದ್ಧಿ ಸ್ಥಿಮಿತದಲ್ಲಿಲ್ಲದಿದ್ದರೆ, ಗಂಡಿಗೆ 21 ಹೆಣ್ಣಿಗೆ 18 ತುಂಬದಿದ್ದರೆ, ನಿಷಿದ್ಧ ಸಂಬಂಧದವರಾದರೆ. ಮಾವನಿಗೆ ಹಿಡಿಸದಿರುವುದು ಪಟ್ಟಿಯಲ್ಲಿ ಇಲ್ಲ. ನನ್ನ ವಿಚ್ಛೇದನದ ತೀರ್ಪಿನ ಪ್ರತಿ ನೋಟಿಸಿನ ಜೊತೆಗೇ ಹೋಗಿತ್ತು.

ಪರದೇಶದಲ್ಲಿರುವವರಿಗೆ ವೀಡಿಯೋ ಕಾಲ್. ಕ್ಯಾಲಿಫೋರ್ನಿಯಾದ ತಂಗಿಗೆ ನಮ್ಮ ಬೆಳಿಗ್ಗೆಯೆಂದರೆ ಹಿಂದಿನ ದಿನದ ಸಂಜೆ, ಅವಳು ಅಡುಗೆ ಮಾಡುತ್ತಲೇ ಕೇಳಿಸಿಕೊಂಡಳು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಕೊನೆಯವರೆಗೂ ಏನೂ ಹಾಕಲಿಲ್ಲ. ಅಲ್ಲಿ ಹಾಕಿದರೆ ಹೂವಿನ ಚಿತ್ರಗಳು ಬರುತ್ತವೆ, ಪ್ರಶ್ನೆಗಳು ಬೇರೆ ಕಡೆ ಹೋಗುತ್ತವೆ.

ಇವರ ಮನೆಯಲ್ಲಿ ನನಗೆ ಮೊದಲೊಂದು ಮದುವೆಯಾಗಿತ್ತು ಎಂಬುದನ್ನು ಹೇಳಬೇಕಾದವರು ಇವರೇ. ಫೋನಿನಲ್ಲಿ ಹೇಳುತ್ತೇನೆಂದರು, ಬೇಡ ಹೋಗಿಬನ್ನಿ ಎಂದೆ. ಹೋಗಿಬಂದರು. ಅತ್ತೆ ನನಗೇ ಫೋನ್ ಮಾಡಿ, ಸುದ್ದಿಯೆಲ್ಲ ಬಿಟ್ಟು, “ನಿನಗ ರೊಟ್ಟಿ ಬಡಿಯಾಕ ಬರ್ತದೇನವಾ?” ಎಂದರು. ಬರುವುದಿಲ್ಲ ಎಂದೆ.

ನೋಟಿಸು ಊರಿನ ಬೋರ್ಡಿಗೆ ಏರಿದ ಕೆಲವೇ ದಿನಕ್ಕೆ ಪರಿಚಯದವರೊಬ್ಬರು ಅಮ್ಮನಿಗೆ ಫೋನ್ ಮಾಡಿ, ದನಿ ತಗ್ಗಿಸಿ, ಒಂದು ವಿಷಯ ಹೇಳಬೇಕಿತ್ತು ಎಂದರು. “ಮಗಳ ಮದುವೇದಾ? ಮಂತ್ರ ಮಾಂಗಲ್ಯ ಇಟ್ಟುಕೊಂಡಿದೀವಿ, ಊಟಕ್ಕೆ ಬರಲೇಬೇಕು” ಎಂದಳು ಅಮ್ಮ. ಎರಡು ಸುತ್ತು ಎಂತಕ್ಕೆ ಎಂದು ಅವಳು ಆಮೇಲೆ ಕೇಳಲಿಲ್ಲ.

ಪತ್ರಿಕೆ ಹಿಡಿದು ಹೋದ ಎರಡನೆಯ ಸುತ್ತು ಬೇಗ ಮುಗಿಯಿತು. ಕಚೇರಿಯಲ್ಲಿ ಮೂವರು ಸಾಕ್ಷಿಗಳ ಸಹಿ ಬೇಕು. ನಮ್ಮ ಕಡೆಯಿಂದ ಅಣ್ಣ ಮತ್ತು ದೊಡ್ಡಮ್ಮ, ಇವರ ಕಡೆಯಿಂದ ಭಾವ. ಕೊಟ್ಟಿಗೆಗೆ ಹೋದ ಮಾವ ಬರಲಿಲ್ಲ. ಅವರ ಹೆಂಡತಿ ಮಕ್ಕಳು ಬಂದಿದ್ದರು.